ಸುಮ್ಮನಿರುವ ಮನೆ

ಯಾರೂ ವಿವರಿಸಲಾಗದ ಏರ್ಪಾಟು ಜನರ ಜೀವದ ಮೇಲೆ ಕೂತಿರಬಾರದು ಎಂದು ನ್ಯಾಯಾಲಯ ತೀರ್ಪು ಕೊಟ್ಟ ದಿನ ಕಲಬುರಗಿಯ ತಂಪು ಮಂಡಳಿಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಊರಿನ ತಂಪಿನ ಜಾಲವನ್ನು ರೂಪಿಸಿದ್ದು ಕಲ್ಪಕ ಎಂಬ ಯಂತ್ರ. ಅದರ ಪ್ರೋಗ್ರಾಂ ಬರೆದದ್ದೂ ಅದೇ, ಕೆಟ್ಟಾಗ ಸರಿಮಾಡುತ್ತಿದ್ದದ್ದೂ ಅದೇ. ಏನು ಬೇಕೆಂದು ಹೇಳುವುದು, ಆಮೇಲೆ ಚಹಾ ಕುಡಿಯುವುದು ಮನುಷ್ಯರ ಪಾಲಿನ ಕೆಲಸವಾಗಿತ್ತು. ಈ ಮನೆಗೆ ಇಷ್ಟೇ ತಂಪು ಯಾಕೆ, ಪಕ್ಕದ ಮನೆಗೆ ಅಷ್ಟು ಯಾಕೆ ಎಂದು ಕೇಳಿದರೆ ಕಲ್ಪಕ ಲಕ್ಷಾಂತರ ಅಂಕಿಗಳನ್ನು ಸುರಿಯುತ್ತಿತ್ತು. ಅದನ್ನು ಅರ್ಥಮಾಡಿಕೊಂಡವರು ಒಬ್ಬರೂ ಇರಲಿಲ್ಲ. ಅರ್ಥವಾಯಿತೆಂದು ತಲೆಯಾಡಿಸಿದವರು ಬೇಕಾದಷ್ಟಿದ್ದರು.

ತಂಪಿನ ಜಾಲ ಎಂಬುದು ಕಾಗದದ ಮೇಲಿನ ಹೆಸರು. ಜನ ಅದನ್ನು ಥಂಡಿ ಲೈನು ಎನ್ನುತ್ತಿದ್ದರು. ಊರಾಚೆ ನೆಲದಡಿಯ ತೊಟ್ಟಿಗಳಲ್ಲಿ ಇರುಳೆಲ್ಲ ಉಪ್ಪುನೀರನ್ನು ಹೆಪ್ಪುಗಟ್ಟಿಸಿ, ಹಗಲು ಅದರ ತಂಪನ್ನು ಕೊಳವೆಗಳಲ್ಲಿ ಓಣಿ ಓಣಿಗೆ ಹರಿಸುತ್ತಿದ್ದರು. ಮನೆಯಲ್ಲೊಂದು ಗಾಳಿಕಿಂಡಿ, ಅದರ ಪಕ್ಕದಲ್ಲಿ ಅಂಗೈಯಗಲದ ಒಂದು ಕಣ್ಣು. ಕೋಣೆಯಲ್ಲಿ ಮನುಷ್ಯರ ಮೈಶಾಖ ಇದೆಯೇ ಎಂದು ಆ ಕಣ್ಣು ನೋಡುತ್ತಿತ್ತು. ಜನ ಇದ್ದರೆ ಗಾಳಿ ಬೀಸುತ್ತಿತ್ತು. ಬೇಸಿಗೆ ನಲವತ್ತೆಂಟು ಡಿಗ್ರಿ ದಾಟುವ ಕಾಲ ಬಂದ ಮೇಲೆ ಊರು ಉಳಿದದ್ದೇ ಈ ಲೈನಿನಿಂದ. ಇರುವ ತಂಪು ಎಲ್ಲರಿಗೂ ಸಾಲುವಷ್ಟಿರಲಿಲ್ಲ. ಅದಕ್ಕೇ ಯಾರಿಗೆಷ್ಟು ಎಂಬ ಲೆಕ್ಕ ಬೇಕಾಗಿತ್ತು.

ಮುಂದಿನ ಬೇಸಿಗೆಯೊಳಗೆ ಮನುಷ್ಯರೇ ಹೊಸ ವಿನ್ಯಾಸ ಮಾಡಬೇಕು, ಅದರ ಒಂದೊಂದು ತೀರ್ಮಾನಕ್ಕೂ ಕಾರಣ ಬರೆದು ಸಹಿ ಹಾಕಬೇಕು ಎಂದು ತೀರ್ಪು ಹೇಳಿತ್ತು. ಬಿಡಿ ಬಿಡಿ ಭಾಗಗಳ ಪ್ರೋಗ್ರಾಂ ಅನ್ನು ಯಂತ್ರ ಬರೆಯಬಹುದು. ಯಾವ ಭಾಗ ಯಾಕಿರಬೇಕು, ಯಾವುದು ಯಾವುದರ ಜೊತೆ ಮಾತಾಡಬೇಕು ಎಂಬುದನ್ನು ಮಾತ್ರ ಮನುಷ್ಯನೇ ಯೋಚಿಸಬೇಕು. ಮಂಡಳಿಯ ಅಧ್ಯಕ್ಷ ಬಿರಾದಾರರು ಸಭೆಯಲ್ಲಿ "ಯಾರು ಮಾಡ್ತೀರಿ?" ಎಂದಾಗ ಎಲ್ಲರೂ ಮೇಜು ನೋಡಿದರು. ಜಗದೇವಿ ಮಾತ್ರ "ಕಲಿಸೋರು ಯಾರರೆ ಅದಾರೇನ್ರಿ?" ಎಂದು ಕೇಳಿದಳು. ಕೇಳಿದವಳ ಕೊರಳಿಗೇ ಕೆಲಸ ಬಿತ್ತು.

ಜಗದೇವಿ ಹತ್ತು ವರ್ಷದಿಂದ ಡೆವಲಪರ್. ಕಲ್ಪಕ ಬರೆದದ್ದನ್ನು ಪರೀಕ್ಷಿಸುವುದು, ಅಲ್ಲಲ್ಲಿ ತೇಪೆ ಹಾಕಿಸುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಆದರೆ ಖಾಲಿ ಹಾಳೆಯ ಮುಂದೆ ಕೂತು ಮೊದಲ ಚೌಕ ಎಲ್ಲಿ ಹಾಕಲಿ ಎಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ. ಕಲಿಸಲು ಸಿಕ್ಕವರು ಗುಂಡೇರಾಯರು, ಕಲ್ಪಕ ಬರುವುದಕ್ಕೆ ಮೊದಲು ಇಂಥ ಏರ್ಪಾಟುಗಳನ್ನು ಕೈಯಾರೆ ರೂಪಿಸಿ ನಿವೃತ್ತರಾಗಿದ್ದವರು.

ಅವರ ಪಾಠ ನಡೆದದ್ದು ಮಂಡಳಿಯ ಹಳೇ ಪಂಪ್‌ಹೌಸಿನಲ್ಲಿ. ಅಲ್ಲಿ ಕಂಪ್ಯೂಟರ್ ಇರಲಿಲ್ಲ. ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲುಗಳಿದ್ದವು, ಒಂದು ಡಬ್ಬಿ ಸೀಮೆಸುಣ್ಣ ಇತ್ತು.

"ಒಂದ್ ಕಲ್ಲು, ಒಂದ್ ಕೆಲಸ," ಎಂದರು ಗುಂಡೇರಾಯರು. "ಈ ಕಲ್ಲಿನಿಂದ ಆ ಕಲ್ಲಿಗೆ ಗೆರಿ ಎಳದ್ರ ಅದು ಮಾತು. ಮಾತು ಕಮ್ಮಿ ಇದ್ದಷ್ಟು ಮನಿ ತಣ್ಣಗಿರ್ತದ. ಈಗ ಆ ಕಲ್ಲಿನ ಮ್ಯಾಲ ನಿಂದ್ರು. ನೀ ವಾಲ್ವ್. ಏನೇನ್ ಗೊತ್ತದ ನಿನಗ?"

"ಮನ್ಯಾಗ ಎಷ್ಟ್ ಮಂದಿ ಅದಾರ ಅಂತ ಗೊತ್ತದ ಸರ್."

"ಹ್ಯಾಂಗ ಗೊತ್ತು? ನೀ ವಾಲ್ವ್. ನಿನಗ ಕಣ್ಣಿಲ್ಲ, ಕಿವಿ ಇಲ್ಲ. ತಿರುಗು ಅಂದ್ರ ತಿರಗ್ತಿ, ನಿಲ್ಲು ಅಂದ್ರ ನಿಲ್ತಿ. ಅಷ್ಟ."

ಹತ್ತು ವರ್ಷ ಸರ್ವಿಸು ಮಾಡಿ ಕೊನೆಗೆ ಮಟಮಟ ಮಧ್ಯಾಹ್ನ ನಲ್ಲಿಯಾಗಿ ನಿಲ್ಲುವ ಹಣೆಬರಹ ಬಂತಲ್ಲ ಎಂದು ಜಗದೇವಿಗೆ ಮೊದಲು ಸಿಟ್ಟೇ ಬಂದಿತ್ತು. ಆದರೆ ನಿಲ್ಲುತ್ತ ನಿಲ್ಲುತ್ತ ರುಚಿ ಹತ್ತಿತು. ವಾಲ್ವ್ ಆಗಿ ನಿಂತಾಗ ತನಗೆ ಎಷ್ಟು ಕಡಿಮೆ ತಿಳಿದಿದ್ದರೆ ಸಾಕು ಎಂಬುದು ಅರ್ಥವಾಗುತ್ತಿತ್ತು. ಮೊದಲ ವಾರಗಳಲ್ಲಿ ಅವಳು ಎಲ್ಲ ಕಲ್ಲಿನಿಂದ ಎಲ್ಲ ಕಲ್ಲಿಗೂ ಗೆರೆ ಎಳೆದಿಟ್ಟಳು. ಗುಂಡೇರಾಯರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದು ವಿನ್ಯಾಸ ಏನವ್ವ, ಶಾವಿಗಿ ಒಣಾ ಹಾಕೀದಿ?" ಎಂದರು. ಅಳಿಸಿದಳು, ಬರೆದಳು, ಮತ್ತೆ ಅಳಿಸಿದಳು. ಚಳಿಗಾಲ ಮುಗಿಯುವ ಹೊತ್ತಿಗೆ ಗೆರೆಗಳು ಎಣಿಸುವಷ್ಟಾಗಿದ್ದವು. ಒಂದು ಓಣಿಯ ಭಾಗ ಕೆಟ್ಟರೆ ಪಕ್ಕದ ಓಣಿಗೆ ತಿಳಿಯುವುದೇ ಇಲ್ಲ, ಅಷ್ಟು ಚೆನ್ನಾಗಿ ಬೇರ್ಪಡಿಸಿದ್ದಳು. ಜೀವನದಲ್ಲಿ ಮೊದಲ ಬಾರಿಗೆ ತನ್ನದು ಎನ್ನುವಂಥ ಒಂದನ್ನು ಅವಳು ಕಟ್ಟಿದ್ದಳು. ಆ ಸಂತೋಷ ಸಣ್ಣದಲ್ಲ.

ಗುಂಡೇರಾಯರು ಯಾವ ಕಲ್ಲಿನ ಮೇಲೆ ನಿಲ್ಲಿಸಿದರೂ ಕೊನೆಗೆ ಕೇಳುತ್ತಿದ್ದ ಪ್ರಶ್ನೆ ಒಂದೇ. "ಉತ್ತರ ಬರಲಿಲ್ಲ ಅಂದ್ರ?" ತೊಟ್ಟಿಯಿಂದ ಉತ್ತರ ಬರಲಿಲ್ಲ ಅಂದರೆ ಓಣಿ ಏನು ಮಾಡುತ್ತದೆ, ಓಣಿಯಿಂದ ಬರಲಿಲ್ಲ ಅಂದರೆ ವಾಲ್ವ್ ಏನು ಮಾಡುತ್ತದೆ. ವಿನ್ಯಾಸ ಅಂದರೆ ಮಾತು ನಡೆಯುವಾಗಿನ ಸಂಗತಿಯಲ್ಲ, ಮಾತು ನಿಂತಾಗಿನ ಸಂಗತಿ ಎಂಬುದು ಅವರ ನಂಬಿಕೆ.

ಕಡೆಗೆ ಉಳಿದದ್ದು ಮನೆಯ ಕಣ್ಣಿನ ಕಲ್ಲು. ಕಣ್ಣು ಯಾರನ್ನೂ ಕಾಣದೆ ಸುಮ್ಮನಾದರೆ ಏನು ಮಾಡುವುದು? ಕಲ್ಪಕ ಏನು ಮಾಡುತ್ತಿತ್ತು ಎಂದು ಜಗದೇವಿ ಹಳೆಯ ದಾಖಲೆ ತೆಗೆಸಿ ನೋಡಿದಳು. ವಿಚಿತ್ರವೊಂದು ಕಂಡಿತು. ಸುಮ್ಮನಿರುವ ಮನೆಗಳಿಗೂ ಕಲ್ಪಕ ತೆಳ್ಳಗೆ ಒಂದೆಳೆ ತಂಪು ಬಿಡುತ್ತಲೇ ಇತ್ತು. ಬಾಗಿಲಿಗೆ ಬೀಗ ಹಾಕಿ ಊರಿಗೆ ಹೋದವರ ಮನೆಗೆ ಯಾಕೆ ತಂಪು? ಬೇಸಿಗೆ ರಜೆಯಲ್ಲಿ ಅರ್ಧ ಊರೇ ನೆಂಟರ ಮನೆಯಲ್ಲಿರುತ್ತದೆ. ಈ ಎಳೆಗಳನ್ನೆಲ್ಲ ಕೂಡಿಸಿದರೆ ದೊಡ್ಡಾಸ್ಪತ್ರೆಯ ಎರಡು ವಾರ್ಡುಗಳಿಗೆ ಸಾಕಾಗುವಷ್ಟು ತಂಪು ಸೋರಿಹೋಗುತ್ತಿತ್ತು. ಕಾರಣ ಕೇಳಿದರೆ ಕಲ್ಪಕ ಎಂದಿನಂತೆ ಅಂಕಿ ಸುರಿಯಿತು.

"ಇದೊಂದು ಸೋರಿಕಿ ಸರ್. ಕಣ್ಣು ಸುಮ್ಮಾಯ್ತು ಅಂದ್ರ ವಾಲ್ವ್ ಪೂರಾ ಬಂದ್. ಉಳಿದಿದ್ದು ದವಾಖಾನಿಗಿ," ಎಂದಳು ಜಗದೇವಿ.

ಗುಂಡೇರಾಯರು ಆ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತರು. "ಸುಮ್ಮಿರೋದು ಅಂದ್ರ ಖಾಲಿ ಅಂತ ಯಾರ್ ಹೇಳಿದ್ರು ನಿನಗ?"

"ಜನ ಇದ್ದ ಮನಿ ಸುಮ್ಮಿರಂಗಿಲ್ಲಲ್ರಿ."

"ಆ ಯಂತ್ರ ಸುಮ್‌ಸುಮ್ನ ಬಿಡ್ತಿತ್ತಂತೀ? ನಿನಗ ಕಾರಣ ಗೊತ್ತಿಲ್ಲ ಅಂದ್ರ ಕಾರಣಾನ ಇಲ್ಲ ಅಂತಲ್ಲವ್ವ."

"ಕಾರಣ ಬರೀಬೇಕಲ್ಲ ಸರ್ ಕೋರ್ಟಿಗಿ. ಏನಂತ ಬರೀಲಿ?"

"ಬರೀಬ್ಯಾಡ ಈಗ. ಹೋಗಿ ನೋಡ್ಕೊಂಡ್ ಬಾ. ಸುಮ್ಮಿರೋ ಮನಿ ಒಂದ್ ನಾಕು ಬಾಗಲಾ ಬಡಿ."

ಜಗದೇವಿ ಹ್ಞೂಂ ಎಂದಳು, ಹೋಗಲಿಲ್ಲ. ಬೇಸಿಗೆ ಹತ್ತಿರ ಬಂದಿತ್ತು, ಬಿರಾದಾರರು ದಿನಾ ಕೇಳುತ್ತಿದ್ದರು. ಅದೆಲ್ಲ ನಿಜವೇ. ಆದರೆ ಇನ್ನೊಂದು ನಿಜವೂ ಇತ್ತು. ಇಷ್ಟು ಕಷ್ಟಪಟ್ಟು ವಿನ್ಯಾಸಕಿಯಾದ ಮೇಲೆ ಮನೆ ಮನೆಯ ಬಾಗಿಲು ಬಡಿಯುವುದು ಜನಗಣತಿಯವರ ಕೆಲಸದಂತೆ ಅವಳಿಗೆ ಕಂಡಿತು. ಗುಂಡೇರಾಯರು ಮತ್ತೆ ಕೇಳಲಿಲ್ಲ. ವಯಸ್ಸಾಗಿತ್ತು, ಶಿಷ್ಯೆಯ ಗೆರೆಗಳು ಅಷ್ಟು ಅಚ್ಚುಕಟ್ಟಾಗಿದ್ದವು, ಅವರಿಗೂ ಹೆಮ್ಮೆಯೇ ಇತ್ತು. ಆ ತೀರ್ಮಾನದ ಎದುರು ಅವಳು ಬರೆದ ಕಾರಣ ಒಂದೇ ಸಾಲಿನದು. ಜನ ಇರುವ ಮನೆ ಸುಮ್ಮನಿರುವುದಿಲ್ಲ. ಕಾರಣಗಳನ್ನು ಪರಿಶೀಲಿಸಲು ಮಂಡಳಿ ನೇಮಿಸಿದ್ದ ಸಮಿತಿಯವರು ಅದನ್ನು ಓದಿ, ಇಷ್ಟು ಸರಳವಾಗಿ ಯಂತ್ರ ಯಾವತ್ತಾದರೂ ಹೇಳಿತ್ತೇ ಎಂದು ಮೆಚ್ಚಿಕೊಂಡರು.

ಹೊಸ ಜಾಲ ಶುರುವಾಗುವ ವಾರವೇ ಜಗದೇವಿಯ ತಂಗಿ ಶ್ರೀದೇವಿಗೆ ಹೆರಿಗೆಯಾಯಿತು. ಚೊಚ್ಚಲ ಬಾಣಂತನ ತವರಿನಲ್ಲೇ. ಜಗದೇವಿಯ ಮನೆಯಿಂದ ನಾಲ್ಕು ಬಾಗಿಲಾಚೆಗೇ ತವರು. ಅವ್ವ ಕಾಶೀಬಾಯಿ ತಿಂಗಳಿಂದ ಬಾಣಂತಿಯ ಉಂಡೆಗೆ ಅಳವಿ, ಅಂಟು, ಉತ್ತತ್ತಿ ಎಂದು ಓಡಾಡುತ್ತಿದ್ದಳು. ಚಿಕ್ಕ ಮನೆ. ಗಾಳಿಕಿಂಡಿ ಇದ್ದದ್ದು ಒಳಗಿನ ಕೋಣೆಯಲ್ಲಿ ಮಾತ್ರ, ಬಾಣಂತಿಗೆ ಕೊಟ್ಟದ್ದೂ ಅದೇ ಕೋಣೆ. ಕೂಸು ಹೆಣ್ಣು. ಮೂಗು ಜಗದೇವಿಯದೇ ಎಂದು ಬಂದವರೆಲ್ಲ ಹೇಳಿದರು.

"ಈ ಕಿಂಡಿ ಗಾಳಿ ನೆಟ್ಟಗ ಕೂಸಿನ ನೆತ್ತಿಗೇ ಬೀಸ್ತದ," ಎಂದಳು ಕಾಶೀಬಾಯಿ. "ಹಸೀ ಬಾಣಂತಿ. ಥಂಡಿ ಹತ್ತಿದ್ರ ಮುಗೀತು. ಜಗದೇವಿ, ಆ ಕಣ್ಣಿಗಿ ಕುಲಾವಿ ಹಾಕ್ಬಾ. ನನಗ ನಿಲುಕಂಗಿಲ್ಲ."

ಇದು ಊರಿನ ಬಾಣಂತಿ ಮನೆಗಳ ಹಳೇ ಉಪಾಯ. ಕೂಸಿನ ತಲೆಗೆ ಹಾಕುವ ಕುಲಾವಿ ಕಣ್ಣಿನ ಮೇಲೆ ಸರಿಯಾಗಿ ಕೂರುತ್ತಿತ್ತು. ಕಣ್ಣು ಮುಚ್ಚಿದರೆ ಗಾಳಿ ಮೆತ್ತಗಾಗುತ್ತದೆ ಎಂಬುದು ಪ್ರತಿ ಮನೆಯ ಹೆಂಗಸಿಗೂ ಗೊತ್ತಿತ್ತು. ಯಾವ ಹೆಂಗಸೂ ಅದನ್ನು ಮಂಡಳಿಗೆ ಹೋಗಿ ಹೇಳಿರಲಿಲ್ಲ. ಮಂಡಳಿಯವರು ಕೇಳಿರಲೂ ಇಲ್ಲ. ಜಗದೇವಿಯ ಮಗ ಹುಟ್ಟಿದಾಗಲೂ ಇದೇ ಕೋಣೆ, ಇದೇ ಉಪಾಯ. ಆಗ ಮಲಗಿದಲ್ಲಿಂದಲೇ ಅವಳು ಆ ತೆಳ್ಳನೆಯ ತಂಪನ್ನು ಕೆನ್ನೆಯ ಮೇಲೆ ಅನುಭವಿಸಿ ಹಾಯಾಗಿ ನಿದ್ದೆ ಹೋದದ್ದುಂಟು.

ಕಾಶೀಬಾಯಿ ಪೆಟ್ಟಿಗೆಯಿಂದ ತೆಗೆದು ಕೊಟ್ಟದ್ದೂ ಅದೇ ಕುಲಾವಿ, ಕನ್ನಡಿ ಚೂರು ಹಚ್ಚಿದ ಕೆಂಪು ಖಣದ್ದು. ಜಗದೇವಿ ಸ್ಟೂಲು ಹತ್ತಿ ಅದನ್ನು ಕಣ್ಣಿಗೆ ತೊಡಿಸಿ, ಗಲ್ಲದ ಕೆಳಗೆ ಕಟ್ಟುವಂತೆ ಲಾಡಿ ಕಟ್ಟಿದಳು. ಶ್ರೀದೇವಿ ಮಂಚದ ಮೇಲಿಂದ ನಕ್ಕಳು. "ಅಕ್ಕಾ, ಅದಕ್ಕೂ ಒಂದ್ ದೃಷ್ಟಿಬೊಟ್ಟು ಇಡು."

ಮಾರನೆಯ ದಿನ ಹೊಸ ಜಾಲದ ಉದ್ಘಾಟನೆ. ಸ್ಟೂಲಿನ ಮೇಲೆ ನಿಂತಿದ್ದ ಜಗದೇವಿಯ ತಲೆಯಲ್ಲಿ ಇದ್ದದ್ದು ನಾಳೆ ಉಡುವ ಸೀರೆ ಮತ್ತು ಆಡಬೇಕಾದ ಎರಡು ಮಾತು. ಪಂಪ್‌ಹೌಸಿನ ಕಲ್ಲುಗಳು ಪಂಪ್‌ಹೌಸಿನಲ್ಲೇ ಇದ್ದವು. ಅದೇ ಶಹಾಬಾದ್ ಕಲ್ಲು ಈ ಮನೆಯ ನೆಲಕ್ಕೂ ಹಾಸಿದೆ ಎಂದು ಅವಳಿಗೆ ಹೊಳೆಯಲಿಲ್ಲ.

ಮೊದಲ ವಾರಗಳು ಸುಸೂತ್ರವಾಗಿ ಕಳೆದವು. ಆ ವರ್ಷ ಬಿಸಿಲು ತಡವಾಗಿ ಏರಿತು. "ಈ ಸಲ ಗಾಳಿ ಬಾಳ ಮೆತ್ತಗ ಅದ. ಛಲೋ ಮಾಡ್ಯಾಳ ನಮ್ಮ ಜಗದೇವಿ," ಎಂದು ಕಾಶೀಬಾಯಿ ಕಟ್ಟೆಯ ಮೇಲೆ ಕೂತು ನೆರೆಯವರಿಗೆಲ್ಲ ಹೇಳಿದಳು. ಗಾಳಿ ಮೆತ್ತಗಿರಲಿಲ್ಲ. ಇರಲೇ ಇಲ್ಲ.

ಆಮೇಲೆ ಒಂದು ದಿನ ಬಿಸಿಲು ನಲವತ್ತೊಂಬತ್ತಕ್ಕೆ ಮುಟ್ಟಿತು. ಹೊಸ ಜಾಲ ತಡೆಯುತ್ತದೋ ಇಲ್ಲವೋ ಎಂದು ಬಿರಾದಾರರೂ ಜಗದೇವಿಯೂ ಬೆಳಗಿನಿಂದ ನಿಯಂತ್ರಣ ಕೊಠಡಿಯಲ್ಲೇ ಕೂತಿದ್ದರು. ದೊಡ್ಡ ಪರದೆಯ ಮೇಲೆ ಊರಿನ ಮನೆಗಳೆಲ್ಲ ಚುಕ್ಕಿಗಳಾಗಿ ಹೊಳೆಯುತ್ತಿದ್ದವು. ಜನ ಇರುವ ಮನೆ ಹಸಿರು, ಸುಮ್ಮನಿರುವ ಮನೆ ಕಪ್ಪು. ಮಧ್ಯಾಹ್ನ ಎರಡು ಓಣಿಗಳ ಪಂಪುಗಳು ಕೆಟ್ಟವು. ಪಕ್ಕದ ಓಣಿಗಳಿಗೆ ಅದು ತಾಕಲೇ ಇಲ್ಲ. ಸುಮ್ಮನಿರುವ ಮನೆಗಳಿಂದ ಉಳಿದ ತಂಪು ದೊಡ್ಡಾಸ್ಪತ್ರೆಯ ವಾರ್ಡುಗಳಿಗೆ ಹರಿಯಿತು. ಕೊಠಡಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಜಗದೇವಿ ಕಣ್ಣೊರೆಸಿಕೊಂಡಳು. ಅವಳು ನೋಡುತ್ತಿದ್ದದ್ದು ಉಳಿತಾಯದ ಅಂಕಿಯನ್ನು. ಕಪ್ಪು ಚುಕ್ಕಿಗಳಲ್ಲಿ ಒಂದು ತನ್ನ ತವರು ಎಂದು ನೋಡಲಿಲ್ಲ.

ಅದೇ ಹೊತ್ತಿಗೆ ಆ ಮನೆಯಲ್ಲಿ ಬೆಳಗಿನಿಂದ ಒಂದೇ ಸಮನೆ ಅಳುತ್ತಿದ್ದ ಕೂಸು ಸುಮ್ಮನಾಯಿತು. ಜ್ವರ ಬಂದವಳಂತೆ ಮಂಪರಿನಲ್ಲಿದ್ದ ಶ್ರೀದೇವಿ, ಅಂತೂ ಮಲಗಿತು ಎಂದು ತಾನೂ ಕಣ್ಣು ಮುಚ್ಚಿದಳು. ಅಡುಗೆಮನೆಯಿಂದ ಇಣುಕಿದ ಕಾಶೀಬಾಯಿ, ತಾಯಿ ಮಗಳಿಬ್ಬರಿಗೂ ನಿದ್ದೆ ಹತ್ತಿದೆ ಎಂದುಕೊಂಡು, ಸದ್ದಾಗದಂತೆ ಬಾಗಿಲು ಮುಂದೆ ಮಾಡಿಕೊಂಡು ಹೋದಳು.

ಫೋನು ಬಂದಾಗ ಜಗದೇವಿಯ ಕೈಯಲ್ಲಿ ಪೇಢೆ ಇತ್ತು. ಆಸ್ಪತ್ರೆಗೆ ಓಡಿದಳು. ವಾರ್ಡು ಹಿತವಾಗಿ ತಣ್ಣಗಿತ್ತು. ಶ್ರೀದೇವಿ ಉಳಿದಳು. ಕೂಸು ಉಳಿಯಲಿಲ್ಲ.

ವಿಚಾರಣೆ ಪದ್ಧತಿಯಂತೆ ನಡೆಯಿತು. ಯಂತ್ರದ ಕಾಲದಲ್ಲಾಗಿದ್ದರೆ ಏನಾಯಿತೆಂದು ಯಾರಿಗೂ ಹೇಳಲಾಗುತ್ತಿರಲಿಲ್ಲ. ಈಗ ಎಲ್ಲವನ್ನೂ ಹೇಳಬಹುದಾಗಿತ್ತು. ಕಣ್ಣು ಸರಿಯಾಗಿ ಕೆಲಸ ಮಾಡಿದೆ. ವಾಲ್ವ್ ಸರಿಯಾಗಿ ಮುಚ್ಚಿದೆ. ಮನೆಯವರು ಕಣ್ಣಿಗೆ ಬಟ್ಟೆ ಕಟ್ಟಿದ್ದರು. ವಿನ್ಯಾಸದಲ್ಲಿ ದೋಷವಿಲ್ಲ. ಬಿರಾದಾರರು ಅದನ್ನು ಓದಿ ಉಸಿರು ಬಿಟ್ಟರು. ಪತ್ರಿಕೆಗಳಲ್ಲಿ ಅಜ್ಜಿಯ ಕುಲಾವಿ ಎಂದೇ ಬಂತು. ಕಾಶೀಬಾಯಿ ಕಟ್ಟೆಯ ಮೇಲೆ ಕೂರುವುದನ್ನು ಬಿಟ್ಟಳು. ಬೀದಿಯಲ್ಲಿ ಯಾರಾದರೂ ಕೂಸೆತ್ತಿಕೊಂಡು ಹೋದರೆ ಒಳಗೆ ಹೋಗಿ ಕೂರುತ್ತಿದ್ದಳು.

ಜಗದೇವಿ ವಿಚಾರಣಾ ಸಮಿತಿಯ ಮುಂದೆ ಎದ್ದು ನಿಂತು, "ಕುಲಾವಿ ಕಟ್ಟಿದ್ದು ನಾನು. ಆ ಕಲ್ಲೂ ನಂದೇ," ಎಂದಳು. ಯಾವ ಕಲ್ಲು ಎಂದು ಅವರಿಗೆ ಅರ್ಥವಾಗಲಿಲ್ಲ. "ದುಃಖದಾಗ ಮನಿಷಾ ಏನೇನೋ ತನ್ನ ಮ್ಯಾಲ ಹಾಕ್ಕೋತಾನ, ಮನಿಗಿ ಹೋಗ್ರಿ ಬಾಯಿ," ಎಂದರು ಬಿರಾದಾರರು, ಒಳ್ಳೆಯ ಮನಸ್ಸಿನಿಂದಲೇ. ಆ ವಾರವೇ ಸುಮ್ಮನಿರುವ ಮನೆಗೂ ಒಂದೆಳೆ ತಂಪು ಬಿಡಬೇಕು ಎಂಬ ತಿದ್ದುಪಡಿಗೆ ಅವಳು ಸಹಿ ಹಾಕಿದಳು. ಈ ಸಲ ಕಾರಣ ಬರೆಯಲು ತಡವಾಗಲಿಲ್ಲ. ಗುಂಡೇರಾಯರು ಪಂಪ್‌ಹೌಸಿನ ಮೂಲೆಯಲ್ಲಿ ಕೂತಿದ್ದರು. "ನಾ ಇನ್ನೊಂದ್ ಸಲ ಹೇಳ್ಬೇಕಿತ್ತವ್ವ," ಎಂದಷ್ಟೇ ಹೇಳಿದರು. ಅವರು ಮತ್ತೆ ಪಾಠಕ್ಕೆ ಬರಲಿಲ್ಲ.

ಬೇಸಿಗೆ ಇಳಿದ ಮೇಲೆ ಒಂದು ಸಂಜೆ ಶ್ರೀದೇವಿ ತಾನಾಗಿಯೇ ಕೇಳಿದಳು. "ಅಕ್ಕಾ, ಹೊಸಾದು ಎಲ್ಲಾನೂ ಬಿಡಿಸಿ ಹೇಳಾಕ ಬರ್ತದಂತಲ್ಲ. ನನಗೂ ಹೇಳು."

ಜಗದೇವಿ ಇದಕ್ಕಾಗಿಯೇ ಕಾಯುತ್ತಿದ್ದಳು. ಇದಕ್ಕೇ ಹೆದರುತ್ತಲೂ ಇದ್ದಳು. ಬಾಣಂತಿಯ ಮಂಚ ತೆಗೆದು ಖಾಲಿಯಾಗಿದ್ದ ಕೋಣೆಯ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದಳು. ಇದು ತೊಟ್ಟಿ, ಇದು ಓಣಿ, ಇದು ಕಣ್ಣು, ಇದು ವಾಲ್ವ್. ತಂಗಿಯನ್ನು ವಾಲ್ವಿನ ಕಲ್ಲಿನ ಮೇಲೆ ನಿಲ್ಲಿಸಿದಳು. ತಾನು ಕಣ್ಣಿನ ಕಲ್ಲಿನ ಮೇಲೆ ನಿಂತಳು.

"ನಾ ಸುಮ್ಮಾದೆ. ಈಗ ನಿನಗ ಏನ್ ಕೇಳ್ತದ?"

"ಏನೂ ಇಲ್ಲ."

"ನಾ ಏನ್ ಬರ್ದಿದ್ದೆ ಅಂದ್ರ, ಏನೂ ಕೇಳಲಿಲ್ಲ ಅಂದ್ರ ಮನ್ಯಾಗ ಯಾರೂ ಇಲ್ಲ ಅಂತ ತಿಳ್ಕೊ, ಬಂದ್ ಮಾಡು. ಇಷ್ಟ ಶ್ರೀದೇವಿ. ಅವ್ವಂದು ಏನೂ ತಪ್ಪಿಲ್ಲ."

ಶ್ರೀದೇವಿ ಕಾಲಡಿಯ ಕಲ್ಲನ್ನು ನೋಡಿದಳು. "ನಾನೂ ಹಂಗ ಮಾಡ್ದೆ," ಎಂದಳು. "ಕೂಸು ಸುಮ್ಮಾತು. ಮಲಗೇದ ಅಂತ ಖುಷಿ ಪಟ್ಟೆ. ಬಗಲಾಗ ಇತ್ತು ಅಕ್ಕಾ. ಒಂದ್ ಸಲ ಕೂಗಿ ನೋಡಲಿಲ್ಲ."

ತಂಗಿ ಬೈಯುತ್ತಾಳೆ, ಬೈದರೆ ಹಗುರಾಗಬಹುದು ಎಂದು ಜಗದೇವಿ ಎಣಿಸಿದ್ದಳು. ತಂಗಿ ಬೈಯಲಿಲ್ಲ. ತಪ್ಪಿನಲ್ಲಿ ಪಾಲು ತೆಗೆದುಕೊಂಡು ಪಕ್ಕದಲ್ಲೇ ನಿಂತಳು. ಅದಕ್ಕೆ ಜಗದೇವಿ ಹ್ಞೂಂ ಎಂದುಬಿಟ್ಟಿದ್ದರೆ ಅಕ್ಕತಂಗಿಯರಿಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತು ಮುಗಿಸಬಹುದಿತ್ತು.

"ನಿಂದು ಬ್ಯಾರೆ. ನಿನಗ ಜ್ವರ ಇತ್ತು," ಎಂದಳು ಜಗದೇವಿ.

"ಮೊದಲಿನ ಯಂತ್ರಕ್ಕ ಗೊತ್ತಿತ್ತೇನಕ್ಕಾ, ಕಣ್ಣು ಕಟ್ಟಿದ್ರೂ ಒಳಗ ಮಂದಿ ಇರ್ತಾರ ಅಂತ?"

"ಗೊತ್ತಿತ್ತು."

"ಯಾರ್ ಹೇಳಿದ್ರು ಅದಕ್ಕ?"

"ಯಾರೂ ಹೇಳಿಲ್ಲ. ವರ್ಷಾನುಗಟ್ಟಲೆ ನೋಡಿ ನೋಡಿ ತಿಳ್ಕೊಂಡಿತ್ತು. ಯಾಕ ಅಂತ ಹೇಳಾಕ ಅದಕ್ಕ ಬರ್ತಿರಲಿಲ್ಲ."

ಶ್ರೀದೇವಿ ಗೋಡೆಯ ಕಡೆ ನೋಡಿದಳು. ಕಣ್ಣು ಅಲ್ಲೇ ಇತ್ತು, ಬರಿದಾಗಿ. ಅದನ್ನು ನೋಡುತ್ತಲೇ ಕೇಳಿದಳು. "ನಿನಗ ಗೊತ್ತಿರಲಿಲ್ಲೇನು?"

ಇದೇ ಕೋಣೆಯಲ್ಲಿ, ಇದೇ ಕುಲಾವಿಯ ಕೆಳಗೆ, ಕೆನ್ನೆಗೆ ತಾಗಿದ ಆ ಒಂದೆಳೆ ತಂಪು ಜಗದೇವಿಗೆ ನೆನಪಾಯಿತು.

"ಗೊತ್ತಿತ್ತು," ಎಂದಳು.

ಶ್ರೀದೇವಿ ಗೆರೆಗಳನ್ನು ತುಳಿಯದೆ ಸೀರೆ ಎತ್ತಿ ಹಿಡಿದು ದಾಟಿ, ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಸ್ವಲ್ಪ ಹೊತ್ತು ಪಾತ್ರೆಯ ಸದ್ದು ಬಂತು, ಆಮೇಲೆ ನಿಂತಿತು. ಜಗದೇವಿ ಸೀಮೆಸುಣ್ಣ ಹಿಡಿದು ಅಲ್ಲೇ ನಿಂತಿದ್ದಳು. ಅಳುತ್ತಿದ್ದಾಳೆ, ಒಬ್ಬಳೇ ಇರಲಿ ಎಂದು ಮೊದಲು ಅಂದುಕೊಂಡಳು. ಮರುಕ್ಷಣ ಹೋಗಿ ಬಾಗಿಲು ಬಡಿದಳು.

"ಶ್ರೀದೇವಿ," ಎಂದು ಕರೆದಳು.

ಉತ್ತರ ಬರಲಿಲ್ಲ. ಇನ್ನೊಮ್ಮೆ ಬಡಿದಳು.